ದುಬೈಗೆ ಎಷ್ಟು ಹೊತ್ತು? ಟಿಕೆಟ್ ನೋಡಿ ಲೆಕ್ಕ ಹಾಕುವುದು ಹೀಗೆ

ಪುತ್ತೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು. ಮೊನ್ನೆ ಒಬ್ಬರು ಅಮ್ಮ ಬಂದರು. ಯಜಮಾನರು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಯಲ್ಲಿರುವ ಮಗಳ ಮನೆಗೆ ಹೋಗಿ ಬರುವ ಟಿಕೆಟ್ ಪ್ರಿಂಟ್ ತೆಗೆಸಬೇಕಿತ್ತು. ಕಾಗದ ನೋಡಿ ಅವರಿಗೆ ಆಶ್ಚರ್ಯ. "ರಾತ್ರಿ 8ಕ್ಕೆ ಬಜ್ಪೆ ಬಿಟ್ಟು 10.20ಕ್ಕೆ ದುಬೈಯಾ? ಬಸ್ಸಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರ್ಲಿಕ್ಕೂ ಇದಕ್ಕಿಂತ ಜಾಸ್ತಿ ಬೇಕಲ್ಲ ಮಾರಾಯ್ತಿ!"

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಕೂಡಿಸುವುದೋ ಕಳೆಯುವುದೋ ಅಂತ ತಲೆಕೆಡಿಸಿಕೊಳ್ಳಬೇಡಿ. ದುಬೈ ಟೈಮ್ ಎಲ್ಲಿ ಕಂಡರೂ ಒಂದೂವರೆ ಗಂಟೆ ಸೇರಿಸಿ ನಮ್ಮ ವಾಚಿಗೆ ತಂದುಬಿಡಿ. 10.20 ಅಂದರೆ ನಮಗೆ 11.50. ಎಂಟರಿಂದ ಎಣಿಸಿದರೆ 3 ಗಂಟೆ 50 ನಿಮಿಷ. ಅಷ್ಟೇ.

ಇದು ಸರಿಯಾ ಅಂತ ಎರಡು ಊರುಗಳ ನಡುವಿನ ದೂರ ಲೆಕ್ಕ ಹಾಕಿಯೂ ನೋಡಬಹುದು. ಹಾಳಾದ ಪ್ರಿಂಟಿನ ಹಿಂಬದಿಯಲ್ಲಿ ನಾನು ಆಗಾಗ ಮಾಡುವ ಲೆಕ್ಕ ಇದು. ಬಜ್ಪೆ ಸುಮಾರು 13 ಡಿಗ್ರಿ ಅಕ್ಷಾಂಶ, 75 ಡಿಗ್ರಿ ರೇಖಾಂಶ. ದುಬೈ 25.25 ಮತ್ತು 55.4. ಉತ್ತರಕ್ಕೆ 12.25 ಡಿಗ್ರಿ, ಡಿಗ್ರಿಗೆ 111 ಕಿ.ಮೀ. ಹಾಗೆ 1,360. ಪಶ್ಚಿಮಕ್ಕೆ 19.6 ಡಿಗ್ರಿ. ಇಲ್ಲಿ 111 ಹಾಕಬಾರದು. ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಹತ್ತಿರವಾಗುತ್ತವೆ, ಈ ಎರಡು ಊರುಗಳ ನಡುವೆ ಡಿಗ್ರಿಗೆ 105 ಕಿ.ಮೀ. ಸಾಕು. ಅಲ್ಲಿಗೆ 2,058. ಇನ್ನು ಶಾಲೆಯ ಪೈಥಾಗೊರಸ್: ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2,467. ಭೂಮಿಯ ಗುಂಡಗಿನ ಲೆಕ್ಕ ಸೇರಿಸಿದರೆ 2,460ರ ಆಸುಪಾಸು. ಗಂಟೆಗೆ 800 ಕಿ.ಮೀ. ಹಿಡಿದರೆ ಮೂರು ಗಂಟೆ ಚಿಲ್ಲರೆ. ರನ್‌ವೇಗೆ ಉರುಳಿಕೊಂಡು ಹೋಗಲು, ಏರಲು, ಇಳಿಯಲು ಇನ್ನರ್ಧ ಗಂಟೆ. ಟಿಕೆಟ್‌ಗೆ ಹತ್ತಿರ ಬಂತು ಅಲ್ವಾ?

ವಾಪಸ್ ಬರುವಾಗ ಪಡುಗಾಳಿ ಹಿಂದಿನಿಂದ ನೂಕುವ ಕಾರಣ ಸಾಮಾನ್ಯವಾಗಿ ಸ್ವಲ್ಪ ಬೇಗ. ಆದರೆ ಎಡವುವುದೂ ಇಲ್ಲೇ. ಅಮ್ಮನ ಟಿಕೆಟ್‌ನಲ್ಲಿ ಮಂಗಳವಾರ ರಾತ್ರಿ 11.20ಕ್ಕೆ ದುಬೈ ಬಿಟ್ಟು 4.20ಕ್ಕೆ ಬಜ್ಪೆ. ಆ 11.20 ನಮ್ಮ ವಾಚಿನಲ್ಲಿ 12.50, ಆಗಲೇ ಬುಧವಾರ! ಹಿಂದೊಮ್ಮೆ ನನ್ನ ಅಣ್ಣ ದುಬೈಯಿಂದ ಹೀಗೇ ಬರುವಾಗ ನಾನು "ಮಂಗಳವಾರ" ಅನ್ನುವುದನ್ನಷ್ಟೇ ಓದಿದ್ದೆ. ಮಂಗಳವಾರ ಬೆಳಗಿನ ಜಾವ ಬಿ.ಸಿ. ರೋಡ್, ಪೊಳಲಿ, ಕೈಕಂಬ ದಾಟಿ ಹೋಗಿ ನಿಂತೆ. ಫೋನ್ ಮಾಡಿದರೆ ಅಣ್ಣ ದುಬೈಯಲ್ಲಿ ನಿದ್ದೆಗಣ್ಣಲ್ಲಿ, "ನಾನಿನ್ನೂ ಬ್ಯಾಗೇ ತುಂಬಿಲ್ಲ" ಅಂದ. ಟಿಕೆಟ್‌ನಲ್ಲಿ ಇಳಿಯುವ ಹೊತ್ತಿನ ಪಕ್ಕ ಪುಟ್ಟದಾಗಿ "+1" ಇದ್ದರೆ ಮರುದಿನ ಅಂತ ಅರ್ಥ. ನಾನೀಗ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಡುತ್ತೇನೆ.

ಹೋಗುವ ದಿನ ವಿಮಾನದ ಹೊತ್ತಿಗಿಂತ ಮೂರು ಗಂಟೆ ಮೊದಲೇ ಬಜ್ಪೆಯಲ್ಲಿರಿ. ಪುತ್ತೂರಿನಿಂದ ದಾರಿಗೆ ಒಂದೂವರೆ ಗಂಟೆ ಇಡಿ. ಎಂಟರ ವಿಮಾನಕ್ಕೆ ಮಧ್ಯಾಹ್ನ ಮೂರೂವರೆಗೆ ಮನೆ ಬಿಟ್ಟರೆ ಸರಿ.

ಅಮ್ಮನಿಗೆ ಬೇಕಿದ್ದದ್ದು ಬರುವ ದಿನದ ಲೆಕ್ಕ. 4.20ಕ್ಕೆ ಇಳಿದು, ಇಮಿಗ್ರೇಷನ್, ಬ್ಯಾಗ್ ಅಂತ ಒಂದು ಗಂಟೆ, ಮತ್ತೆ ದಾರಿ. ಬೆರಳು ಮಡಿಸಿ ಎಣಿಸಿದರು. "ಹಾಗಾದ್ರೆ ನೀರುದೋಸೆಗೆ ಏಳು ಗಂಟೆಗೆ ಕಾವಲಿ ಇಟ್ರೆ ಸಾಕು."