ಸುಣ್ಣದ ಗೋಡೆಗೆ ಚಿತ್ರ ಬರೆಯೋರು ನೋಡಿ
ಸುಣ್ಣದ ಗಾರೆ ಗೋಡೆಗೆ ಹಳದಿ ಬೇಕು ಅಂತ ಅರಿಶಿನ ಕಲಸಬೇಡಿ. ಆರತಿ ತಟ್ಟೆಯ ಓಕುಳಿ ಗೊತ್ತಲ್ಲ, ಸುಣ್ಣ ತಾಕಿದ್ರೆ ಕೆಂಪು. ಮೇಲಾಗಿ ಬಿಸಿಲಿಗೆ ಬೇಗ ಮಾಸುತ್ತೆ. ಪ್ರಷ್ಯನ್ ಬ್ಲೂ ಅನ್ನೋ ನೀಲಿ ಬಣ್ಣ ಕೂಡ ಸುಣ್ಣದ ಕ್ಷಾರಕ್ಕೆ ತಡೆಯಲ್ಲ, ಕಂದು ತಿರುಗುತ್ತೆ. ಅಲ್ಟ್ರಾಮರೀನ್ ನೀಲಿ ಆದ್ರೆ ತೊಂದರೆಯಿಲ್ಲ.

ನನ್ನ ಕೇಳಿದ್ರೆ ನಮ್ಮ ಕೋಲಾರದ ಕೆಮ್ಮಣ್ಣಿಗೆ ಸಾಟಿಯಿಲ್ಲ (ಕಾಸೂ ಖರ್ಚಿಲ್ಲ). ಅದರ ಕೆಂಪು ಕಬ್ಬಿಣದ ಆಕ್ಸೈಡ್‌ನದು, ಸುಣ್ಣಕ್ಕೂ ಬಿಸಿಲಿಗೂ ಜಗ್ಗಲ್ಲ. ಬಕೆಟ್ ನೀರಲ್ಲಿ ಕದಡಿ, ಮರಳು ತಳ ಸೇರಿದ ಕೂಡಲೇ ಮೇಲಿನ ಕೆನ್ನೀರು ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿ ಬಿಟ್ಟರೆ ಅಡಿಯಲ್ಲಿ ಬೆಣ್ಣೆಯಂಥ ನುಣುಪು ಮಣ್ಣು ಕೂತಿರುತ್ತೆ, ಅದೇ ಬಣ್ಣ.

ಗಾರೆ ಹಸಿಯಿರುವಾಗಲೇ ಬರೆಯಿರಿ. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತೆ, ಅಂಟು ಬೇಕಿಲ್ಲ. ಸುಣ್ಣ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕ್ಕೊಳ್ಳಿ.