ಕಾರ್ಬನ್‌ನ ಹೈಬ್ರಿಡೈಸೇಷನ್: ನೆರೆಯವರನ್ನು ಎಣಿಸಿ ಸಾಕು

ಚಿಕ್ಕಮಗಳೂರಿನಲ್ಲಿ ಸಂಜೆ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೈಬ್ರಿಡೈಸೇಷನ್ (ಪರಮಾಣು ತನ್ನ ಎಸ್ ಮತ್ತು ಪಿ ಆರ್ಬಿಟಲ್‌ಗಳನ್ನು, ಅಂದರೆ ಎಲೆಕ್ಟ್ರಾನ್ ಇರುವ ಜಾಗಗಳನ್ನು, ಬೆರೆಸಿ ಬಾಂಡ್‌ಗೆ ಹೊಸ ಆರ್ಬಿಟಲ್ ಮಾಡಿಕೊಳ್ಳುವುದು) ಅಂದ ಕೂಡಲೇ ಎಲೆಕ್ಟ್ರಾನ್‌ಗಳ ಬಾಕ್ಸ್ ಬರೆಯಲು ಕೂರುತ್ತಾರೆ. ಅಷ್ಟೆಲ್ಲ ಬೇಡ. ಆ ಕಾರ್ಬನ್‌ಗೆ ಎಷ್ಟು ಪರಮಾಣುಗಳು ಅಂಟಿಕೊಂಡಿವೆ, ಅದನ್ನು ಎಣಿಸಿ. ನಾಲ್ಕಿದ್ದರೆ ಎಸ್‌ಪಿ3 (ಒಂದು ಎಸ್, ಮೂರು ಪಿ ಬೆರೆತದ್ದು), ಮೂರಿದ್ದರೆ ಎಸ್‌ಪಿ2, ಎರಡೇ ಇದ್ದರೆ ಎಸ್‌ಪಿ. ಡಬಲ್ ಬಾಂಡ್ ಇರಲಿ, ಟ್ರಿಪಲ್ ಬಾಂಡ್ ಇರಲಿ, ಆ ಕಡೆ ಇರುವ ಪರಮಾಣು ಒಂದೇ ಅಲ್ವಾ, ಹಾಗಾಗಿ ಒಂದೇ ಲೆಕ್ಕ, ಯಾಕೆಂದರೆ ಹೈಬ್ರಿಡ್ ಆರ್ಬಿಟಲ್ ಬೇಕಾಗುವುದು ಸಿಗ್ಮಾ ಬಾಂಡ್‌ಗೆ (ಎರಡು ಪರಮಾಣುಗಳ ನಡುವಿನ ಮೊದಲ ಬಾಂಡ್), ಅದರ ಮೇಲೆ ಸೇರುವ ಪೈ ಬಾಂಡ್ ಉಳಿದ ಪಿ ಆರ್ಬಿಟಲ್‌ನಿಂದ ಆಗುತ್ತದೆ.

ನಮ್ಮೂರಿನ ಕಾಫಿಯಲ್ಲಿರುವ ಕೆಫೀನನ್ನೇ ತಗೊಳ್ಳಿ. 8 ಕಾರ್ಬನ್ ಇವೆ. ಮೀಥೈಲ್ ಗುಂಪಿನ 3 ಕಾರ್ಬನ್‌ಗಳಿಗೆ ತಲಾ ಮೂರು ಹೈಡ್ರೋಜನ್, ಒಂದು ನೈಟ್ರೋಜನ್, ಒಟ್ಟು ನಾಲ್ಕು ನೆರೆ. ಅವು ಎಸ್‌ಪಿ3. ಉಂಗುರಗಳಲ್ಲಿರುವ 5 ಕಾರ್ಬನ್‌ಗಳಿಗೂ ಮೂರು ಮೂರೇ ನೆರೆ, ಆಕ್ಸಿಜನ್ ಹಿಡಿದ ಎರಡಕ್ಕೂ ಅಷ್ಟೇ. ಎಲ್ಲವೂ ಎಸ್‌ಪಿ2.

ತಪ್ಪು ಜಾಸ್ತಿ ಆಗುವುದು ಗೆರೆಚಿತ್ರದಲ್ಲಿ, ಅಂದರೆ ಬಾಂಡ್‌ಗಳನ್ನು ಗೆರೆಯಾಗಿ, ಕಾರ್ಬನ್‌ಗಳನ್ನು ಗೆರೆಯ ಮೂಲೆ ಮತ್ತು ತುದಿಯಾಗಿ ಬರೆಯುವ ಚಿತ್ರದಲ್ಲಿ. ಅಲ್ಲಿ ಹೈಡ್ರೋಜನ್ ತೋರಿಸುವುದಿಲ್ಲ, ನಾಲ್ಕು ಬಾಂಡ್ ಆಗುವವರೆಗೆ ನೀವೇ ಸೇರಿಸಿ ಎಣಿಸಬೇಕು. ಅಲೀನ್ (ಸಾಲಾಗಿ ಮೂರು ಕಾರ್ಬನ್, ನಡುವಿನದಕ್ಕೆ ಎರಡೂ ಕಡೆ ಡಬಲ್ ಬಾಂಡ್) ಕೂಡ ಹಾಗೇ ಕಾಡುತ್ತದೆ: ಎರಡು ಡಬಲ್ ಬಾಂಡ್ ನೋಡಿ ನಡುವಿನ ಕಾರ್ಬನನ್ನು ಸುಮ್ನೆ ಎಸ್‌ಪಿ2 ಅಂತ ಬರೆಯುತ್ತಾರೆ, ನೆರೆ ಇರುವುದು ಎರಡೇ, ಅದು ಎಸ್‌ಪಿ.

ಕಾರ್ಬನ್ ಮೇಲೆ ಚಾರ್ಜ್ ಇದ್ದರೆ ಒಂಟಿ ಜೋಡಿಯನ್ನೂ (ಬಾಂಡ್ ಆಗದೆ ಉಳಿದ ಎರಡು ಎಲೆಕ್ಟ್ರಾನ್) ಎಣಿಸಿ. ಮೀಥೈಲ್ ಕ್ಯಾಟಯಾನ್‌ಗೆ (ಪ್ಲಸ್ ಚಾರ್ಜ್) ಮೂರು ಹೈಡ್ರೋಜನ್ ಮಾತ್ರ, ಎಸ್‌ಪಿ2; ಮೀಥೈಲ್ ಆನಯಾನ್‌ಗೆ (ಮೈನಸ್ ಚಾರ್ಜ್) ಜೊತೆಗೆ ಒಂಟಿ ಜೋಡಿಯೂ ಇದೆ, ಎಸ್‌ಪಿ3. ಆದರೆ ಆ ಜೋಡಿ ಪಕ್ಕದ ಡಬಲ್ ಬಾಂಡ್ ಜೊತೆ ರೆಸೊನೆನ್ಸ್‌ನಲ್ಲಿದ್ದರೆ (ಒಂದೇ ಕಾರ್ಬನ್ ಮೇಲೆ ನಿಲ್ಲದೆ ಹಂಚಿಕೊಂಡಿದ್ದರೆ), ಅಲೈಲ್ ಆನಯಾನ್‌ನಲ್ಲಿ ಇರುವ ಹಾಗೆ, ಅದನ್ನು ಬಿಟ್ಟು ಎಣಿಸಿ: ಎಸ್‌ಪಿ2.