ಜಿಂಕೆ ಬೇಟೆಗೆ ಹಳೇ ಲಿವರ್ ರೈಫಲ್: ಕಡಿಮೆ ದುಡ್ಡಿಗೆ ಒಳ್ಳೆಯದನ್ನು ಆರಿಸುವುದು ಹೇಗೆ?

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಜಿಂಕೆ ಬೇಟೆಯ ಮಾತೇ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ, ಮಿಷಿಗನ್ ಕಡೆ ಹಾಗಲ್ಲ. ಅಲ್ಲಿ ಅದು ಲೈಸೆನ್ಸ್ ಪಡೆದು ಮಾಡುವ ಕೆಲಸ. ಆ ಕಡೆ ನೆಲೆಸಿ, ನೆರೆಹೊರೆಯವರ ಜೊತೆ ಕಾಡಿಗೆ ಹೋಗುವ ಆಸೆ ಇದ್ದವರಿಗೆ ಈ ಬರಹ. ಲಿವರ್ ರೈಫಲ್ ಎಂದರೆ ಟ್ರಿಗರ್ ಸುತ್ತಲಿನ ಹಿಡಿಕೆಯನ್ನು (ಲಿವರ್) ಕೆಳಕ್ಕೂ ಮೇಲಕ್ಕೂ ಆಡಿಸಿ ತೋಟಾ ಏರಿಸುವ ಬಂದೂಕು.

ಮೊದಲು ಕಾನೂನು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ಅಲ್ಲಿ ಕೇಂದ್ರ ಸರ್ಕಾರದ 4473 ಎಂಬ ಫಾರ್ಮ್ ತುಂಬಿಸಿಕೊಂಡು ನಿಮ್ಮ ಹಿನ್ನೆಲೆ ನೋಡುತ್ತಾರೆ. ಪ್ರತಿ ರಾಜ್ಯಕ್ಕೂ ಅದರದೇ ನಿಯಮ ಇದೆ, ಅದನ್ನೂ ಓದಿಕೊಳ್ಳಿ.

ರೈಫಲ್‌ಗಿಂತ ಮೊದಲು ತೋಟಾ ಯಾವುದು ಅಂತ ತೀರ್ಮಾನಿಸಿ. 1895ರಿಂದ ಬಳಕೆಯಲ್ಲಿರುವ .30-30 ಸಾಕು. ನೂರು ನೂರೈವತ್ತು ಗಜದೊಳಗಿನ ಜಿಂಕೆಗೆ ಅದು ಹೇಳಿ ಮಾಡಿಸಿದ್ದು. .35 ರೆಮಿಂಗ್ಟನ್ ಕೂಡ ಒಳ್ಳೆಯದೇ, ಆದರೆ ತೋಟಾ ದುಬಾರಿ, ಹುಡುಕಾಟವೂ ಜಾಸ್ತಿ.

ಇನ್ನು ಮಾಡೆಲ್. ವಿಂಚೆಸ್ಟರ್ 94 ಎಲ್ಲರೂ ಆಸೆಪಡುವ ರೈಫಲ್. 1964ಕ್ಕೂ ಮುಂಚಿನದಾದರೆ ಸಂಗ್ರಹಕಾರರು ಬೆಲೆ ಏರಿಸಿಬಿಟ್ಟಿರುತ್ತಾರೆ. ಬೇಟೆಗೆ ಆ ಹೆಚ್ಚಿನ ದುಡ್ಡು ಸುಮ್ನೆ ದಂಡ. ನನ್ನ ಆಯ್ಕೆ 1948ರಲ್ಲಿ ಬಂದ ಮಾರ್ಲಿನ್ 336. ಹಾರಿಸಿದ ತೋಟಾದ ಖಾಲಿ ಕೇಸ್ ಪಕ್ಕದಿಂದ ಹೊರಬೀಳುವುದರಿಂದ ಮೇಲೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವುದು ಸುಲಭ. ನಳಿಗೆಯ ಬುಡದಲ್ಲಿ ಜೆಎಂ ಎಂಬ ಪುಟ್ಟ ಮುದ್ರೆ ಇದ್ದರೆ ಅದು ಹಳೇ ಕಾರ್ಖಾನೆಯದು. ಕಂಪನಿ ರೆಮಿಂಗ್ಟನ್ ಕೈಗೆ ಹೋದ ಮೊದಲ ವರ್ಷಗಳಲ್ಲಿ ತಯಾರಾದವನ್ನು ಇನ್ನಷ್ಟು ಎಚ್ಚರದಿಂದ ನೋಡಿ. ದುಡ್ಡು ತೀರಾ ಕಡಿಮೆ ಇದ್ದರೆ ಗ್ಲೆನ್‌ಫೀಲ್ಡ್ 30 ಹುಡುಕಿ. ಮಾರ್ಲಿನ್‌ನವರೇ ಅಗ್ಗದ ಮಾರಾಟಕ್ಕೆಂದು ಮಾಡಿದ್ದು. ಮರ ಸಾಧಾರಣ, ಒಳಗಿನ ಯಂತ್ರ 336ರದೇ.

ಅಂಗಡಿಯಲ್ಲಿ ಕೈಗೆ ಬಂದ ಕೂಡಲೇ ಲಿವರ್ ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ. ಮಾರ್ಲಿನ್ ಆದರೆ, ಅನುಮತಿ ಕೇಳಿ ಲಿವರ್‌ನ ಒಂದೇ ಒಂದು ಸ್ಕ್ರೂ ಬಿಚ್ಚಿಸಿ. ಲಿವರ್ ಕೈಗೆ ಬರುತ್ತದೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದಕ್ಕೆ ಜಾರಿ ಹೊರಬರುತ್ತದೆ. ಖಾಲಿ ಕೇಸನ್ನು ಹೊರದೂಡುವ ಎಜೆಕ್ಟರ್ ಎಂಬ ಸಣ್ಣ ತುಂಡು ಕೆಳಗೆ ಬೀಳಬಹುದು, ಹಿಡಿದುಕೊಳ್ಳಿ. ಈಗ ಹಿಂದಿನಿಂದ ನಳಿಗೆಯೊಳಗೆ ಟಾರ್ಚ್ ಬೆಳಕಲ್ಲಿ ನೋಡಿ. ಸುರುಳಿ ಗೆರೆಗಳು ಅಂಚು ಮಾಸದೆ ಕಾಣಬೇಕು. ಬರೀ ಕಪ್ಪು ಕೊಳೆ ಉಜ್ಜಿದರೆ ಹೋಗುತ್ತದೆ. ತುಕ್ಕು ತಿಂದ ಗುಳಿಗಳು ಹೋಗುವುದಿಲ್ಲ. ವಿಂಚೆಸ್ಟರ್ ಬಿಚ್ಚುವುದು ಇಷ್ಟು ಸುಲಭ ಅಲ್ಲ, ಮುಂದಿನಿಂದಲೇ ನೋಡಬೇಕು. ಎರಡರಲ್ಲೂ ನಳಿಗೆಯ ತುದಿಯನ್ನು ಮರೆಯಬೇಡಿ. ಒರೆಸುವ ಕಡ್ಡಿ ತಾಗಿ ತಾಗಿ ಅಲ್ಲಿ ಒಂದು ಬದಿ ಸವೆದಿದ್ದರೆ ಗುರಿ ಕೆಡುತ್ತದೆ.

ಮತ್ತೆ ಜೋಡಿಸಿ, ರೈಫಲ್ ಖಾಲಿ ಎಂದು ಇನ್ನೊಮ್ಮೆ ನೋಡಿ, ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ. ಹ್ಯಾಮರನ್ನು (ಹಿಂದೆ ಕಾಣುವ, ತೋಟಾ ಸಿಡಿಸಲು ಬಡಿಯುವ ಭಾಗ) ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರ್ ಎಳೆಯಿರಿ. ಹ್ಯಾಮರ್ ಬೀಳಬಾರದು. ಹ್ಯಾಮರನ್ನು ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದಾಗಲೂ ಬೀಳಬಾರದು. ಬಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಆಮೇಲೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಲಿವರನ್ನು ನಿಧಾನಕ್ಕೂ ಜೋರಾಗಿಯೂ ಆಡಿಸಿ. ತೋಟಾ ಸಿಕ್ಕಿಕೊಂಡರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಹಿಡಿಯ ಮರ ಲೋಹಕ್ಕೆ ಸೇರುವ ಕಡೆ ಸೀಳು ಇದೆಯಾ ನೋಡಿ. ಬಣ್ಣ ಮಾಸಿದ್ದು, ಮರಕ್ಕೆ ಗೀರು ಬಿದ್ದದ್ದು, ಯಾರೋ ಸ್ಕೋಪ್‌ಗೆಂದು ಕೊರೆದ ಅಚ್ಚುಕಟ್ಟಾದ ತೂತು, ಇವೆಲ್ಲ ನಿಮಗೆ ಲಾಭ. ಸಂಗ್ರಹಕಾರರು ಬಿಟ್ಟುಹೋದದ್ದು ನಿಮ್ಮ ಪಾಲಿಗೆ ಅಗ್ಗವಾಗಿ ಸಿಗುತ್ತದೆ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಮಾತ್ರ ಅನುಮಾನ ಪಡಿ, ಗೊತ್ತಿಲ್ಲದವರು ಒಳಗೆ ಕೈ ಹಾಕಿರುತ್ತಾರೆ.

ಕೊಂಡ ಮೇಲೆ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾ ಕೂರಲು ಉಳಿಯುವ ಜಾಗ, ಅಳೆಸಿ, ನಂತರವೇ ಗುಂಡು ಹಾರಿಸಿ. ಚಪ್ಪಟೆ ಮೂತಿಯ ಗುಂಡನ್ನೇ ಕೊಳ್ಳಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿರುತ್ತವೆ, ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ (ಮದ್ದು ಹೊತ್ತಿಸುವ ಬುಡದ ಬಿಲ್ಲೆ) ತಾಗಿಕೊಂಡಿರುತ್ತದೆ. ಗಟ್ಟಿ ಚೂಪು ಮೂತಿಯಾದರೆ ಹಾರಿಸುವಾಗಿನ ಹೊಡೆತಕ್ಕೆ ಒಳಗೇ ಸಿಡಿಯಬಹುದು. ಚೂಪಾದದ್ದೇ ಬೇಕೆಂದರೆ ಲಿವರ್ ರೈಫಲ್‌ಗೆಂದೇ ಮೆತ್ತನೆ ತುದಿ ಇಟ್ಟು ಮಾಡಿದ ತೋಟಾ ಸಿಗುತ್ತದೆ, ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ.